ಕಡತದಲ್ಲಿ ಇಲ್ಲದ ಬೆಟ್ಟ

ಆ ಮನುಷ್ಯ ಚಳಿಗಾಲದಲ್ಲಿ ಎಂಟು ಗಂಟೆಗೆ ಏಳುತ್ತಾನೆ ಎಂದು ನಾನು ಮೂರು ವರ್ಷ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಪರವಾಗಿರಲಿಲ್ಲ. ಕೆಂಪು ಪೆನ್ಸಿಲ್ ಹಿಡಿದು ಅವನು ಕಳಿಸಿದ ಒಂದೊಂದು ಕಾರ್ಡಿನ ಮೇಲೂ ಅಡ್ಡಗೆರೆ ಎಳೆದಿದ್ದೆ. ಆ ಗೆರೆಗಳನ್ನು ನಾನೇ ಕೂತು ರಬ್ಬರಿನಲ್ಲಿ ಉಜ್ಜಿ ತೆಗೆಯಬೇಕಾಗಿ ಬಂತು. ಅದು ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ, ಹೆಮ್ಮೆಗಲ್ಲ.

ತಮಿಳುನಾಡಿನಲ್ಲಿ ಘಟ್ಟದ ಕೆಳಗಿನ ಒಂದು ಊರು, ಬೇಸಾಯಕ್ಕೆಂದು ಮಳೆ ಬಿಸಿಲಿನ ಲೆಕ್ಕ ಇಡುವ ಕಚೇರಿ, ಅದರಲ್ಲಿ ನಾನು ಪರಿಶೀಲನಾ ಗುಮಾಸ್ತೆ. ನನ್ನ ಮೇಜಿಗೆ ಬರುತ್ತಿದ್ದದ್ದು ಬಿಸಿಲಿನ ಕಾರ್ಡುಗಳು. ಅವು ಏನೆಂದು ಹೇಳಿಬಿಡುತ್ತೇನೆ. ಬಯಲಲ್ಲಿ ಒಂದು ಗಾರೆಯ ಕಂಬ, ಅದರ ಮೇಲೆ ಬೇಲದ ಹಣ್ಣಿನ ಗಾತ್ರದ ಗಟ್ಟಿ ಗಾಜಿನ ಗುಂಡು. ಗುಂಡಿನ ಹಿಂದೆ ಅರ್ಧ ಬಟ್ಟಲಿನಂಥ ಲೋಹದ ತಟ್ಟೆ, ಅದರ ಸೀಳಿನಲ್ಲಿ ತೂರಿಸಿದ ಕಡುನೀಲಿ ಕಾರ್ಡು. ಬಿಸಿಲು ಗುಂಡಿನೊಳಗೆ ಹಾಯ್ದು, ಚುಕ್ಕೆಯಾಗಿ ಕಾರ್ಡಿನ ಮೇಲೆ ಬಿದ್ದು ಸುಡುತ್ತದೆ. ಸೂರ್ಯ ನಡೆದ ಹಾಗೆ ಸುಟ್ಟ ಗೆರೆಯೂ ನಡೆಯುತ್ತದೆ, ಮೋಡ ಬಂದರೆ ಗೆರೆ ಕಡಿಯುತ್ತದೆ. ಕಾರ್ಡಿನ ಮೇಲೆ ಅಚ್ಚಾಗಿರುವುದು ಗಡಿಯಾರದ ಗಂಟೆಯಲ್ಲ, ಸೂರ್ಯನದೇ ಗಂಟೆ. ಅವನು ನೆತ್ತಿಗೆ ಬಂದಾಗ ಹನ್ನೆರಡು. ದಿನಾ ಸಂಜೆ ಹೊತ್ತು ಮುಳುಗಿದ ಮೇಲೆ ಸುಟ್ಟ ಕಾರ್ಡನ್ನು ತೆಗೆದು ಮಾರನೆಯ ದಿನದ್ದನ್ನು ತೂರಿಸಬೇಕು. ತಿಂಗಳ ಕೊನೆಗೆ ಕಟ್ಟಿ ಕಳಿಸಿದರೆ ನಾನು ಅಳತೆಪಟ್ಟಿ ಇಟ್ಟು ಗೆರೆಯ ಉದ್ದ ಕೂಡಿಸಿ, ಆ ದಿನದ ಬಿಸಿಲು ಇಷ್ಟು ಗಂಟೆ ಎಂದು ಬರೆಯುತ್ತಿದ್ದೆ.

ನಮ್ಮ ಕಚೇರಿಯಲ್ಲಿ ಈ ಕೆಲಸದ ಬಗ್ಗೆ ಇದ್ದ ಗೌರವ ಎಂಥದ್ದೆಂದರೆ, ಹಳೆಯ ಕಾರ್ಡುಗಳ ಕಟ್ಟನ್ನು ಕಾಲು ಮೋಟಾದ ಮೇಜಿನ ಕೆಳಗೆ ಒತ್ತು ಕೊಟ್ಟಿದ್ದರು. ಬಯಲಿನ ಕೇಂದ್ರಗಳಿಂದ ಬರುವ ಕಾರ್ಡಿನ ಮೇಲೆ ಸಾಂಬಾರಿನ ಕಲೆ, ಎಲೆ ಅಡಿಕೆಯ ಸುಣ್ಣ. ಒಬ್ಬ ಮಹಾನುಭಾವ ಒಂದೇ ಕಾರ್ಡನ್ನು ಎರಡು ದಿನ ಬಿಟ್ಟು, ಒಂದರ ಮೇಲೊಂದು ಎರಡು ಗೆರೆ ಸುಡಿಸಿ ಕಳಿಸಿದ್ದ. ಘಟ್ಟದ ಮೇಲೆ, ಕನ್ನಡ ಮಾತಿನ ತಾಳವಾಡಿಯಿಂದ ಆ ಮನುಷ್ಯ ಕಳಿಸುತ್ತಿದ್ದ ಕಾರ್ಡುಗಳು ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಶುಚಿ. ಆದರೆ ಚಳಿಗಾಲ ಬಂತೆಂದರೆ ಅವುಗಳ ಗೆರೆ ಏಳಕ್ಕೆ ಹುಟ್ಟುವುದು ಬಿಟ್ಟು ಏಳೂವರೆಗೆ, ಎಂಟಕ್ಕೆ ಹುಟ್ಟುತ್ತಿತ್ತು. ಡಿಸೆಂಬರಿನಲ್ಲಂತೂ ಇಪ್ಪತ್ತು ದಿನ ಒಂದೇ ಸಮನೆ ಎಂಟಕ್ಕೆ ಹತ್ತು ನಿಮಿಷ ಇರುವಾಗ. ಅದೂ ಹುಟ್ಟುವಾಗಲೇ ದಪ್ಪ. ಎಳೆಬಿಸಿಲಿಗೆ ಸುಡುವ ತ್ರಾಣ ಇರುವುದಿಲ್ಲ. ಎಲ್ಲ ಊರಿನ ಗೆರೆಯೂ ಕೂದಲಿನಷ್ಟು ತೆಳ್ಳಗೆ ಶುರುವಾಗಿ ಆಮೇಲೆ ದಪ್ಪವಾಗುತ್ತದೆ. ಹುಟ್ಟುವಾಗಲೇ ದಪ್ಪ ಇದ್ದರೆ, ಬಿಸಿಲು ಏರಿದ ಮೇಲೆ ಯಾರೋ ಕಾರ್ಡು ತೂರಿಸಿದ್ದಾರೆ ಎಂದೇ ಅರ್ಥ. ಹಾಗೆಂದು ನನಗೆ ಕಲಿಸಿದ್ದರು, ಹಾಗೆಂದು ನಾನು ನಂಬಿದ್ದೆ. ಬೇಸಗೆಯಲ್ಲಿ ಸರಿಯಾಗಿದ್ದು ಚಳಿಗಾಲದಲ್ಲಿ ಹೀಗಾಗುತ್ತದೆ ಅಂದರೆ ಕಂಬಳಿ ಹೊದ್ದು ಬಿದ್ದುಕೊಳ್ಳುತ್ತಾನೆ ಎಂದು ತೀರ್ಮಾನಿಸಿದೆ.

ಪ್ರತಿ ತಿಂಗಳ ಹಾಳೆಯ ಷರಾ ಕಲಮಿನಲ್ಲಿ ಅವನು ಕನ್ನಡದಲ್ಲಿ ಒಂದು ಮಾತು ಬರೆಯುತ್ತಿದ್ದ: ‘ಬೆಟ್ಟ ಅಡ್ಡ.’ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವನ ಅಕ್ಷರ. ಆ ಕಚೇರಿಯಲ್ಲಿ ಕನ್ನಡ ಓದಬಲ್ಲವಳು ಕೊಳ್ಳೇಗಾಲದ ಕಡೆಯಿಂದ ಬಂದ ನಾನೊಬ್ಬಳೇ. ಒಂದು ಸಲ ಓದಿ, ಕೇಂದ್ರದ ಕಡತ ತೆಗೆಸಿ ನೋಡಿದೆ. ಯಂತ್ರ ಕೂರಿಸಿದಾಗಿನ ಸ್ಥಳ ಪರಿಶೀಲನೆ ಪತ್ರ ಅದರಲ್ಲಿತ್ತು. ನಾಲ್ಕು ದಿಕ್ಕಿಗೂ ಮರ, ಮನೆ, ಬೆಟ್ಟ, ಯಾವ ಅಡ್ಡಿಯೂ ಇಲ್ಲ ಎಂದು ಬರೆದು ನಮ್ಮ ಸಾಹೇಬರೇ ಸಹಿ ಹಾಕಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಏಳಲಾರದವನಿಗೆ ಬೆಟ್ಟ ಅಡ್ಡ! ನಕ್ಕು ಗೆರೆ ಎಳೆದೆ. ಆಮೇಲೆ ಆ ಕಲಮಿನ ಕಡೆ ಕಣ್ಣು ಹಾಯಿಸಲೇ ಇಲ್ಲ.

ದೀಪಾವಳಿಯ ಸೂರ್ಯಗ್ರಹಣ ಆದ ಮರುವರ್ಷ, ತೊಂಬತ್ತಾರರಲ್ಲಿ, ಹಂಗಾಮಿ ವೀಕ್ಷಕರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ತಾಳವಾಡಿಯವನದು ಒಂಬತ್ತು ವರ್ಷದ ಹಂಗಾಮಿ. ಸಾಹೇಬರು ನನ್ನನ್ನು ಕರೆದು ತಮಿಳಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಕೊಟ್ಟರು.

‘ನೀನು ಅವನ ಭಾಷೆಯವಳು. ಹೋಗಿ ಇದಕ್ಕೆ ಸಹಿ ಹಾಕಿಸಿಕೊಂಡು ಬಾ. ಯಂತ್ರಾನೂ ಬಿಚ್ಚಿಸಿಕೊಂಡು ಬಾ. ಇಂಥ ಸೋಮಾರಿಗಳನ್ನು ಕಾಯಂ ಮಾಡಿದರೆ ನಮಗೇ ಕೆಟ್ಟ ಹೆಸರು.’

ಹಾಳೆಯಲ್ಲಿ ಹೀಗಿತ್ತು: ನಾನು ಚಳಿಗಾಲದಲ್ಲಿ ಹೊತ್ತಿಗೆ ಸರಿಯಾಗಿ ಏಳದೆ, ಎಂಟು ಗಂಟೆಯ ಹೊತ್ತಿಗೆ ಕಾರ್ಡು ಹಾಕಿ, ಬೆಟ್ಟ ಅಡ್ಡ ಎಂದು ಸುಳ್ಳು ಬರೆದಿದ್ದೇನೆ, ನನ್ನನ್ನು ಕೆಲಸದಿಂದ ಬಿಡಿಸಲು ತಕರಾರಿಲ್ಲ. ಓದಿ ಮಡಚಿ ಚೀಲಕ್ಕೆ ಹಾಕಿದೆ. ನನಗೇನೂ ಅನ್ನಿಸಲಿಲ್ಲ. ಮೂರು ಚಳಿಗಾಲದ ಕಾರ್ಡುಗಳನ್ನೂ ಸಾಕ್ಷಿಗೆಂದು ಕಟ್ಟಿಕೊಂಡು ಸತ್ಯಮಂಗಲದ ಬಸ್ಸು ಹತ್ತಿದೆ.

ಇಪ್ಪತ್ತೇಳು ತಿರುವು ಹತ್ತಿ, ದಿಂಬಂ ದಾಟಿ ಬಸ್ಸು ಹಾಸನೂರಿನಲ್ಲಿ ನಿಂತಿತು. ಆಗೆಲ್ಲ ಕಾಡುಗಳ್ಳನಿಗಾಗಿ ಕಾಡಿನಲ್ಲಿ ಪೊಲೀಸರ ತಪಾಸಣೆ. ಒಬ್ಬ ನನ್ನ ಚೀಲ ಬಿಚ್ಚಿ, ಸುಟ್ಟ ಕಾರ್ಡನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

‘ಏನಮ್ಮಾ ಇದು?’

‘ಬಿಸಿಲು’ ಅಂದೆ.

ಅವನು ನನ್ನನ್ನೂ ಕಾರ್ಡನ್ನೂ ಎರಡೆರಡು ಸಲ ನೋಡಿ, ಹುಚ್ಚಿಯ ಸಹವಾಸ ಯಾಕೆಂದು ಬಿಟ್ಟು ಕಳಿಸಿದ.

ತಾಳವಾಡಿಯಲ್ಲಿ ಇಳಿದಾಗ ಜಡಿಮಳೆ. ದೀಪಾವಳಿಯ ಬೆನ್ನಿಗೆ ಬರುವ ಗುಮಟಾಪುರದ ಸಗಣಿ ಹಬ್ಬ ಮುಗಿದು ವಾರವಾಗಿತ್ತು. ವೀಕ್ಷಕ ಛತ್ರಿ ಹಿಡಿದು ಕಾಯುತ್ತಿದ್ದ. ನಲವತ್ತೈದು ದಾಟಿದ ಒಣಕಲು ದೇಹ, ತಲೆಗೆ ಟವೆಲು. ಜೀರಹಳ್ಳಿ ಕಡೆಯ ದಾರಿಯಲ್ಲಿ ಒಂದು ಬೀಜದ ತೋಟ, ಅದರ ಮೂಲೆಯಲ್ಲಿ ನಮ್ಮ ಕೇಂದ್ರ, ಬೇಲಿಯಾಚೆ ಅವನ ಮನೆ. ಅವನಪ್ಪ ಇದೇ ತೋಟದಲ್ಲಿ ಕಳೆ ಕೀಳುವ ಕೂಲಿಯಾಗಿದ್ದನಂತೆ. ಕಂಬದ ಹತ್ತಿರ ನಿಂತು ನೋಡಿದೆ. ಸುತ್ತ ಬೆಳ್ಳಗೆ ಮಂಜು, ಬೇಲಿಯಿಂದ ಆಚೆಗೆ ಪ್ರಪಂಚವೇ ಇರಲಿಲ್ಲ.

‘ಎಲ್ಲಿ, ನಿಮ್ಮ ಬೆಟ್ಟ?’ ನನ್ನ ದನಿಯಲ್ಲಿದ್ದ ಕುಹಕ ಅವನಿಗೆ ತಿಳಿಯದೆ ಇರಲಿಲ್ಲ.

‘ಅಗಾ, ಅಲ್ಲೇ ಅದ ಅಮ್ಮಾರೆ. ಮಂಜ್ನೊಳಗ ಕುಂತದ.’

‘ಹೌದಾ, ಕುಂತಿರಲಿ’ ಅಂದೆ.

ಮನೆಯ ಜಗುಲಿಯ ಮೇಲೆ ಅವನ ಹೆಂಡತಿ ಚಾಪೆ ಹಾಸಿದಳು. ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಉಂಡೆ. ಉಂಡ ಕೈ ತೊಳೆದು ಬಂದು ಸಹಿಗೆಂದು ಹಾಳೆ ತೆಗೆದೆ. ಇದನ್ನು ಬರೆಯುವಾಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

‘ಕೈಯೆಳುತ್ತು ಆಕ್ಬೇಕಾ ಅಮ್ಮಾರೆ? ಏನ್ ಬರ್ದದ ಇದ್ರಗ?’ ತಮಿಳು ಮಾತು ಸಲೀಸಾಗಿ ಬರುತ್ತಿತ್ತು ಅವನಿಗೆ, ತಮಿಳು ಓದು ಬರುತ್ತಿರಲಿಲ್ಲ.

‘ಕಾರ್ಡು ಹಾಕುವ ವೇಳೆಯ ವಿಚಾರ. ಮೇಲಿನವರು ಕೇಳಿದ್ದಾರೆ.’

‘ಪರ್ಮನೆಂಟ್ ಮಾಡದ್ಕ ಇರ್ಬೇಕು, ಆಕಿ, ಆಕಿ’ ಎಂದಳು ಹೆಂಡತಿ, ಮುಖ ಅರಳಿಸಿ.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಲಗೆ ಕಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಮಸಿ ಆರಲೆಂದು ಊದಿ ಕೊಟ್ಟ.

ಮರುದಿನ ಬೆಳಿಗ್ಗೆಯೇ ಯಂತ್ರ ಬಿಚ್ಚಿಸಿ ಹೊರಡುವವಳು. ದಿಂಬಂ ತಿರುವಿನಲ್ಲಿ ಲಾರಿ ಅಡ್ಡ ಮಗುಚಿ ಬಸ್ಸುಗಳೆಲ್ಲ ನಿಂತುಹೋಗಿವೆ ಎಂದು ಸುದ್ದಿ ಬಂತು. ತೋಟದ ಆಫೀಸಿನ ಕೋಣೆಯಲ್ಲಿ ನನಗೆ ಜಾಗ ಕೊಟ್ಟಿದ್ದರು. ಮಾಡಲು ಕೆಲಸವಿಲ್ಲ, ಹೊರಗೆ ಮಳೆ. ಹೊತ್ತು ಕಳೆಯಲು ಕೇಂದ್ರದ ದಿನಚರಿ ಪುಸ್ತಕ ತೆಗೆದು ಕೂತೆ. ಕಚೇರಿಗೆ ಬರುತ್ತಿದ್ದದ್ದು ತಿಂಗಳ ಹಾಳೆ ಮಾತ್ರ, ಈ ಪುಸ್ತಕವನ್ನು ನಾವು ಯಾರೂ ಕಂಡಿರಲಿಲ್ಲ. ದಿನಕ್ಕೊಂದು ಸಾಲು. ‘ಮಧ್ಯಾಹ್ನ ಮೋಡ.’ ‘ಗುಂಡಿನ ಮೇಲೆ ಕಾಗೆ ಹೇತಿತ್ತು, ಒರೆಸಿದೆ.’ ‘ಅಮಾವಾಸ್ಯೆ.’ ‘ಸಂಜೆ ಬಿದಿಗೆ ಚಂದ್ರ ಕಂಡಿತು, ತೆಂಕಲ ಕೊಂಬು ಮೇಲೆ.’ ಚಂದ್ರನ ಲೆಕ್ಕ ಇಡು ಎಂದು ಯಾರೂ ಹೇಳಿರಲಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಇವನಿಗೆ ಪುರುಸೊತ್ತಿದೆ, ಬೆಳಿಗ್ಗೆ ಏಳಲಿಕ್ಕೆ ಇಲ್ಲ ಅಂದುಕೊಂಡೆ. ಹಾಗೇ ಹಾಳೆ ತಿರುವುತ್ತ ಹೋದವಳು ಹಿಂದಿನ ವರ್ಷದ ದೀಪಾವಳಿಯ ಪುಟಕ್ಕೆ ಬಂದೆ.

‘ಇಂದು ಸೂರ್ಯಗ್ರಹಣ. ಗುಂಡಿನ ಮೇಲೆ ಗರಿಕೆ ಇಟ್ಟಿದ್ದೆ. ಗ್ರಹಣ ಬಿಟ್ಟು ಮಿಂದ ಮೇಲೆ ಬಂದು ನೋಡಿದೆ.’

ಗಟ್ಟಿಯಾಗಿ ನಕ್ಕುಬಿಟ್ಟೆ. ಗ್ರಹಣ ಬಂದರೆ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಜಾಡಿಗೆ ಗರಿಕೆ ಹುಲ್ಲಿನ ಎಸಳು ಹಾಕುವುದು ನಮ್ಮ ಮನೆಯಲ್ಲೂ ಇತ್ತು. ಸರ್ಕಾರದ ಯಂತ್ರಕ್ಕೆ ಹಾಕಿದವನನ್ನು ಮಾತ್ರ ಕಂಡಿರಲಿಲ್ಲ. ನೀರು ತಂದುಕೊಡಲು ಬಂದ ಅವನ ಹೆಂಡತಿಯನ್ನು ಕೇಳಿದೆ.

‘ನಾನೇ ಕಣವ್ವ ಆಕಿ ಅಂದಿದ್ದು. ಇಟ್ಗೂ ಆಕುದೊ, ನೀರ್ಗೂ ಆಕುದೊ, ಆ ಗುಂಡು ಒಂದ ಯಾಕ್ ಬುಡದು? ಅದೂವ ಅಟ್ಟಿ ವಸ್ತುವೇ ಅಲ್ವಾ? ಮುಂಚಿನ್ ದಿನ ಸಾಯಂಕಾಲವೇ ನನ್ ಗಂಡ ಇಟ್ಟ್ ಬಂದಿತ್ತು.’

‘ಗ್ರಹಣದ ದಿನ ಬೆಳಿಗ್ಗೆ?’

‘ಬೆಳಗಾಗ ಯಾರ್ ಕದ ತಗುದರು? ಊರಗ ಒಂದ್ ನಾಯೀನೂ ಈಚ್ಗ ಬರ್ನಿಲ್ಲ. ಅತ್ತು ಗಂಟ ಆದ್ಮೇಲ ಗ್ರಾಣ ಬುಡ್ತು, ಆಮೇಲ ನೀರುಯ್ಕಂಡು ಗುಂಡಿನ್ ತಾವ್ಕ ಓದದ್ದು.’

ಸಾಹೇಬರಿಗೆ ಹೇಳಿ ನಗಿಸಬಹುದೆಂದು ಆ ದಿನದ ಕಾರ್ಡು ಹುಡುಕಿ ತೆಗೆದೆ. ನಾನೇ ಕೆಂಪು ಗೆರೆ ಎಳೆದಿದ್ದ ಕಾರ್ಡು. ಕೂಡಿಸುವ ಆತುರದಲ್ಲಿ ಅಂದು ಸರಿಯಾಗಿ ನೋಡಿರಲಿಲ್ಲ. ಏಳೂ ಇಪ್ಪತ್ತಕ್ಕೆ ದಪ್ಪಗೆ ಹುಟ್ಟಿದ ಗೆರೆ ಮುಂದೆ ಹೋಗುತ್ತ ಹೋಗುತ್ತ ಸಣ್ಣಗಾಗಿದೆ. ಎಂಟೂವರೆಯ ಹತ್ತಿರ ದಾರದಷ್ಟಾಗಿದೆ. ಮತ್ತೆ ಮೆಲ್ಲಗೆ ಅಗಲವಾಗುತ್ತ ಹತ್ತರ ಹೊತ್ತಿಗೆ ಮೊದಲಿನ ಹಾಗಾಗಿದೆ. ಮೋಡ ಬಂದರೆ ಗೆರೆ ಹೀಗಾಗುವುದಿಲ್ಲ, ಹರಿದು ಚಿಂದಿಯಾಗುತ್ತದೆ. ಇದು ಚಂದ್ರ. ಸೂರ್ಯನ ಮುಂದೆ ಹಾದುಹೋದ ಚಂದ್ರ ಅರ್ಧ ಬೆರಳುದ್ದದ ರಟ್ಟಿನ ಮೇಲೆ ತನ್ನ ಗುರುತು ಬಿಟ್ಟು ಹೋಗಿದ್ದ. ಊರೆಲ್ಲ ಕದ ಹಾಕಿಕೊಂಡು ಕೂತಿದ್ದಾಗ ಇದು ಒಂದು ಗಾಜಿನ ಗುಂಡಿನ ಹಿಂದೆ ಯಾರಿಗೂ ಕಾಣದೆ ಬರೆದುಕೊಂಡಿತ್ತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತೆ. ಎಂಥ ಚೆಂದ ಇತ್ತು ಅಂತೀರಿ!

ಆಮೇಲೆ ಕಾರ್ಡಿನ ಪಕ್ಕ ದಿನಚರಿಯನ್ನು ಇಟ್ಟು ನೋಡಿದೆ. ಹತ್ತು ಗಂಟೆಯವರೆಗೆ ಮನೆಯಿಂದ ಯಾರೂ ಹೊರಗೆ ಬಂದಿಲ್ಲ. ಗೆರೆ ಏಳೂ ಇಪ್ಪತ್ತಕ್ಕೇ ಶುರುವಾಗಿದೆ. ಹಾಗಾದರೆ ಕಾರ್ಡು ಹಾಕಿದ್ದು ಯಾವಾಗ? ಹಿಂದಿನ ಸಂಜೆ, ಗರಿಕೆ ಇಟ್ಟಾಗ. ಸಂಜೆಯೇ ಹಾಕಿದ ಕಾರ್ಡು ಏಳೂ ಇಪ್ಪತ್ತರವರೆಗೆ ಯಾಕೆ ಸುಡಲಿಲ್ಲ? ಕಿಟಕಿಯ ಕಡೆ ನೋಡಿದೆ, ಮಂಜು ಹಾಗೇ ಇತ್ತು.

ಮೂರನೆಯ ದಿನ ಮಧ್ಯಾಹ್ನ ಗಾಳಿ ಎದ್ದು ಮಂಜು ಕಿತ್ತುಕೊಂಡು ಹೋಯಿತು. ಹೊರಗೆ ಬಂದವಳು ನಿಂತಲ್ಲೇ ನಿಂತೆ. ಮೂಡಲಿಂದ ತೆಂಕಣ ಮೂಲೆಯವರೆಗೆ ಬೆಟ್ಟ. ಬೇಲಿಯಾಚೆಯ ರಾಗಿ ಹೊಲ ಮುಗಿಯುತ್ತಲೇ ಏರಲು ಶುರು, ತಲೆಯೆತ್ತಿ ನೋಡಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇಷ್ಟು ದೊಡ್ಡ ಬೆಟ್ಟ ಕಾಣದೆ ಸಹಿ ಹಾಕಿದವರು ಇಲ್ಲಿಗೆ ಬಂದೇ ಇಲ್ಲ. ಬಂದಿದ್ದರೂ ಜೀಪಿನಿಂದ ಇಳಿದಿಲ್ಲ. ರಸ್ತೆಗೆ ಹತ್ತಿರ ಇದೆ ಎಂದು ಕಂಬ ನೆಡಿಸಿ ಹೋಗಿರಬೇಕು. ಅವರನ್ನು ಬೈಯುವ ಯೋಗ್ಯತೆ ನನಗಾದರೂ ಎಲ್ಲಿತ್ತು? ಅವರು ಬೆಟ್ಟ ನೋಡಲಿಲ್ಲ, ನಾನು ಬೆಟ್ಟ ಎಂದು ಬರೆದದ್ದನ್ನು ಓದಿಯೂ ನಂಬಲಿಲ್ಲ.

ಇದುವರೆಗೆ ವೀಕ್ಷಕನನ್ನು ಅವನು ಅವನು ಎಂದೇ ಬರೆದೆ. ಆಗ ನನ್ನ ಬಾಯಲ್ಲಿ ಇದ್ದದ್ದು ಅದೇ. ಇನ್ನು ಮುಂದೆ ಅವರು.

ಬೆಟ್ಟ ಕಂಡರೆ ಸಾಲದು. ‘ಬೆಟ್ಟ ಇರಬಹುದಮ್ಮಾ, ಅದರ ಜೊತೆಗೆ ಸೋಮಾರಿತನವೂ ಇರಬಹುದಲ್ಲ’ ಎಂದು ಸಾಹೇಬರು ಹಲ್ಲು ಬಿಡುವುದು ನನಗೆ ಕಾಣಿಸುತ್ತಿತ್ತು. ಒಂದು ಬೆಳಿಗ್ಗೆ ಬಿಸಿಲು ಬಂದರೆ ಕಣ್ಣಾರೆ ನೋಡಬಹುದಿತ್ತು. ಆದರೆ ಮಂಜು ಸರಿದರೂ ಮೋಡ ಕದಲಲಿಲ್ಲ, ಅಲ್ಲಿದ್ದಷ್ಟು ದಿನವೂ ಬೆಳಗಿನ ಸೂರ್ಯ ಕಾಣಲಿಲ್ಲ. ಸರಿ, ಬೆಟ್ಟವನ್ನೇ ಅಳೆಯೋಣ ಅಂದೆ. ನಾನೂ ವೀಕ್ಷಕರೂ ಶಾಲೆಯ ಮೇಷ್ಟರಿಂದ ಕೋನಮಾಪಕ ಇಸಿದು ತಂದೆವು. ಅದರ ನಡುವಿನ ತೂತಿಗೆ ದಾರ, ದಾರದ ತುದಿಗೆ ಒಂದು ಬೋಲ್ಟು. ಗುಂಡಿನ ಮಟ್ಟಕ್ಕೆ ಕಣ್ಣು ಇಟ್ಟು, ಕೋನಮಾಪಕದ ಅಂಚಿನ ನೇರಕ್ಕೆ ಬೆಟ್ಟದ ನೆತ್ತಿ ಹಿಡಿದರೆ, ದಾರ ತೊಂಬತ್ತರಿಂದ ಎಷ್ಟು ಸರಿಯಿತೋ ಅದೇ ಬೆಟ್ಟದ ಎತ್ತರದ ಕೋನ. ಹೇಳಲು ಸುಲಭ. ಗಾಳಿಗೆ ಬೋಲ್ಟು ಉಯ್ಯಾಲೆಯಾಡಿ ಒಂದೇ ಜಾಗ ಒಂದು ಸಲ ಹದಿನೇಳು, ಇನ್ನೊಂದು ಸಲ ಇಪ್ಪತ್ಮೂರು. ನನಗೆ ಸಿಟ್ಟು ನೆತ್ತಿಗೇರಿತು.

‘ನೀರಗ ಬುಡಿ ಅಮ್ಮಾರೆ’ ಅಂದರು ಅವರು. ‘ಗಾರೆಯೋರು ಅಂಗೇ ಮಾಡದು. ನೀರಗ ಬು‌ಟ್ರ ಅಲ್ಲಾಡಲ್ಲ.’

ಬೋಲ್ಟನ್ನು ನೀರು ತುಂಬಿದ ಚೊಂಬಿನೊಳಗೆ ಇಳಿಬಿಟ್ಟೆವು. ಗಪ್ಪಂತ ನಿಂತಿತು. ಕಾಲೇಜು ಓದಿದ ನನಗೆ ಅದು ಹೊಳೆದಿರಲಿಲ್ಲ. ಯಂತ್ರದ ಬಟ್ಟಲು ಉತ್ತರ ದಕ್ಷಿಣಕ್ಕೆ ಸರಿಯಾಗಿ ಕೂರಿಸಿದ್ದೆಂದು ಗೊತ್ತಿತ್ತು, ಅದರ ನೇರದಿಂದ ಗೂಟ ಹೊಡೆಯುತ್ತ ಮೂಡಲ ಉದ್ದಕ್ಕೂ ಅಳೆದೆವು. ಬೇಸಗೆಯ ಸೂರ್ಯ ಹುಟ್ಟುವ ಬಡಗಣ ಕಡೆ ಬೆಟ್ಟ ಬರೀ ಮೂರು ನಾಲ್ಕು ಡಿಗ್ರಿ. ಅಕ್ಟೋಬರಿನ ಸೂರ್ಯ ಏರುವ ಕಡೆ ಹದಿನಾರು, ಹದಿನೇಳು. ಡಿಸೆಂಬರಿನ ಕಡೆ ಇಪ್ಪತ್ತು. ಚೀಲದಲ್ಲಿದ್ದ ಸೂರ್ಯನ ಚಲನೆಯ ಕೋಷ್ಟಕ ತೆಗೆದು ಲೆಕ್ಕ ಹಾಕಿದೆ. ಡಿಸೆಂಬರಿನಲ್ಲಿ ಸೂರ್ಯ ಇಪ್ಪತ್ತು ಡಿಗ್ರಿ ಏರುವುದು ಎಂಟಕ್ಕೆ ಎಂಟು ನಿಮಿಷ ಇರುವಾಗ. ಕಾರ್ಡಿನಲ್ಲಿ ಸುಟ್ಟದ್ದು ಎಂಟಕ್ಕೆ ಹತ್ತು. ಇಷ್ಟೊಂದು ಹತ್ತಿರ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಅಂದು ಸಂಜೆ ಬೀಜದ ಗೋದಾಮಿನ ನೆಲ ಗುಡಿಸಿ ಕಾರ್ಡುಗಳನ್ನು ಹರಡಿದೆವು. ಮೊದಲು ತಾರೀಕಿನ ಪ್ರಕಾರ ವರ್ಷಕ್ಕೊಂದು ಸಾಲು ಹಾಕಿದೆ, ಏನೂ ಗೊತ್ತಾಗಲಿಲ್ಲ. ಎಲ್ಲ ಎತ್ತಿ ಮತ್ತೆ ಹಾಕಿದೆ. ಈ ಸಲ ಡಿಸೆಂಬರ್ ಇಪ್ಪತ್ತೆರಡನ್ನು ನಡುವೆ ಇಟ್ಟು, ಎಡಕ್ಕೆ ಹಿಂದಿನ ದಿನಗಳು, ಬಲಕ್ಕೆ ಮುಂದಿನ ದಿನಗಳು. ಹಾಕುತ್ತ ಹಾಕುತ್ತ ನನ್ನ ಕೈ ನಿಧಾನವಾಯಿತು. ನವೆಂಬರ್ ಇಪ್ಪತ್ತೆರಡರ ಗೆರೆ ಹುಟ್ಟಿದ ಜಾಗದಲ್ಲೇ ಜನವರಿ ಇಪ್ಪತ್ತರ ಗೆರೆಯೂ ಹುಟ್ಟಿದೆ. ಗ್ರಹಣದ ದಿನದ ಗೆರೆ ಹುಟ್ಟಿದ ಜಾಗದಲ್ಲೇ ಫೆಬ್ರವರಿ ಹದಿನೆಂಟರದ್ದು. ಎಡದಲ್ಲಿ ಹೋದದ್ದೆಲ್ಲ ಬಲದಲ್ಲಿ ತಿರುಗಿ ಬಂದಿದೆ, ಜೋಡಿ ಜೋಡಿಯಾಗಿ. ಸೂರ್ಯ ತೆಂಕಲಿಗೆ ಹೋಗುವಾಗ ಬೆಟ್ಟದ ಯಾವ ಜಾಗದಿಂದ ಇಣುಕಿದನೋ, ಹಿಂದಿರುಗುವಾಗಲೂ ಅದೇ ಜಾಗದಿಂದ ಇಣುಕಿದ್ದಾನೆ. ಡಿಸೆಂಬರಿನ ಇಪ್ಪತ್ತು ದಿನ ಒಂದೇ ಹೊತ್ತು ಯಾಕೆಂದರೆ ಅಲ್ಲಿ ಅವನು ತಿರುಗಿಕೊಳ್ಳುವ ಮುಂಚೆ ನಿಂತಿದ್ದಾನೆ. ನಾನು ಯಾವುದನ್ನು ಸೋಮಾರಿಯ ಗಡಿಯಾರ ಎಂದು ನಕ್ಕಿದ್ದೆನೋ ಅದು ಇದು. ಮೂರು ಚಳಿಗಾಲವೂ ಹೀಗೇ. ಯಾವ ಮನುಷ್ಯ ಕಂಬಳಿಯೊಳಗೆ ಮಲಗಿ ಇಷ್ಟು ಕರಾರುವಾಕ್ಕಾಗಿ ತಡ ಮಾಡಬಲ್ಲ?

ಅವರು ಮಂಡಿಯೂರಿ ಗೆರೆಗಳ ತುದಿಯ ಮೇಲೆ ಬೆರಳು ಓಡಿಸಿದರು.

‘ಅಯ್ಯೋ, ಇದು ನಮ್ ಬೆಟ್ಟವೇ ಕಣಮ್ಮಾರೆ! ಇಲ್ಲಿ ನೋಡಿ, ಇದು ಸಂದು. ದನ ಅತ್ತಿಸ್ಕಂಡ್ ಒಯ್ತಿವಲ್ಲ, ಅದು. ಇದು ನೆತ್ತಿ. ಆಮೇಲ ಇಳುಕ್ಲು.’

ಹೌದು. ಸಾಲಾಗಿ ಇಟ್ಟ ಕಾರ್ಡುಗಳಲ್ಲಿ ಗೆರೆ ಹುಟ್ಟಿದ ತುದಿಗಳನ್ನು ಕೂಡಿಸಿದರೆ ಕಿಟಕಿಯಾಚೆಯ ಬೆಟ್ಟದ ಅಂಚೇ ನೆಲದ ಮೇಲೆ ಬಿದ್ದಿತ್ತು, ಎಡಕ್ಕೊಂದು ಬಲಕ್ಕೊಂದು. ಮೋಡದ ದಿನಗಳಲ್ಲಿ ಮಾತ್ರ ಖಾಲಿ. ಒಂಬತ್ತು ವರ್ಷ ದಿನಾ ಸಂಜೆ ಒಂದು ಕಾರ್ಡು ತೆಗೆದು ಇನ್ನೊಂದು ತೂರಿಸಿದ ಕೈಗೂ ಇದು ಗೊತ್ತಿರಲಿಲ್ಲ, ಅಳತೆಪಟ್ಟಿ ಹಿಡಿದು ಕೂಡಿಸುತ್ತಿದ್ದ ನನಗೂ ಗೊತ್ತಿರಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು. ಸಂತೋಷಕ್ಕೋ ನಾಚಿಕೆಗೋ ಎಂದು ಕೇಳಿದರೆ ಎರಡಕ್ಕೂ.

ಚೀಲದಲ್ಲಿದ್ದ ಹಾಳೆಯನ್ನು ಹಾಗೇ ಹರಿದು ಹಾಕಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಇಬ್ಬರನ್ನೂ ಜಗುಲಿಯ ಮೇಲೆ ಕೂರಿಸಿ, ಅದರಲ್ಲಿದ್ದ ತಮಿಳನ್ನು ಸಾಲು ಸಾಲಾಗಿ ಕನ್ನಡ ಮಾಡಿ ಓದಿದೆ. ‘ಸುಳ್ಳು ಬರೆದಿದ್ದೇನೆ’ ಎಂಬಲ್ಲಿ ಅವರು ತಲೆ ತಗ್ಗಿಸಿದರು. ‘ಬಿಡಿಸಲು ತಕರಾರಿಲ್ಲ’ ಎಂಬಲ್ಲಿ ಹೆಂಡತಿ ಎದ್ದು ನಿಂತಳು.

‘ಥೂ! ಇದ್ಕಾ ನಾನು ನಿಂಗ ಇಟ್ಟು ಬೇಯ್ಸಾಕಿದ್ದು? ನಮ್ ಕೈಲಿ ಉಂಡು ನಮ್ ಬಾಯ್ಗೇ ಮಣ್ಣಾಕಕ ಬಂದಿದ್ಯಾ? ನಮ್ ಮಾತ್ ಆಡ್ಕಂಡ್ ಬಂದ್ಯಲ್ಲ, ನಮ್ಮೋಳು ಅಂದ್ಕಂಡಿದ್ದಿ!’

‘ಬುಡು ಬುಡು’ ಅಂದರು ಅವರು. ಆಮೇಲೆ ನನ್ನ ಕಡೆ ನೋಡದೆ, ‘ನೀವು ಕೇಳುದ್ರಿ ಅಂತ ಆಕ್ಬುಟ್ಟಿ ಅಮ್ಮಾರೆ. ಓದಿ ಯೋಳಿ ಅನ್ನಕ ನಂಗ ಸಂಕೋಚ’ ಅಂದರು.

ಅವಳ ಬೈಗುಳಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಹಾಳೆಯನ್ನು ಅವಳ ಕೈಗೇ ಕೊಟ್ಟೆ. ಅವಳು ಒಳಗೆ ಹೋಗಿ ಒಲೆಗೆ ಹಾಕಿ ಬಂದಳು. ಆ ದಿನ ನನಗೆ ಊಟ ಹಾಕಲಿಲ್ಲ, ಹಾಕಿದ್ದರೂ ಇಳಿಯುತ್ತಿರಲಿಲ್ಲ.

ಮಾರನೆಯ ದಿನ ದಾರಿ ಬಿಟ್ಟಿತು. ಯಂತ್ರವನ್ನು ಕಂಬದ ಮೇಲೇ ಬಿಟ್ಟು ಇಳಿದು ಬಂದೆ. ಸಾಹೇಬರು ಕೈ ಚಾಚಿದರು.

‘ಎಲ್ಲಿ, ಸಹಿ?’

‘ಒಲೆಯಲ್ಲಿ.’

ಎಲ್ಲ ಹೇಳಿದೆ. ಅಳತೆಯ ಹಾಳೆ, ಜೋಡಿಸಿದ ಕಾರ್ಡುಗಳ ನಕಲು ಮುಂದಿಟ್ಟೆ. ಅವರು ಕಾರ್ಡಿನ ಕಡೆ ನೋಡಲಿಲ್ಲ. ಸ್ಥಳ ಪರಿಶೀಲನೆ ಪತ್ರದಲ್ಲಿದ್ದ ತಮ್ಮ ಸಹಿಯನ್ನು ಮಾತ್ರ ನೋಡಿದರು. ಆಮೇಲೆ ದನಿ ಬೆಣ್ಣೆಯಾಯಿತು.

‘ನೋಡಮ್ಮಾ, ಯಾಕೆ ರಂಪ? ಆ ಪತ್ರ ಕೆದಕುವುದು ಬೇಡ. ಈ ಪಟ್ಟಿಯಿಂದ ಅವನನ್ನು ಬಿಡೋಣ, ಮುಂದಿನ ಪಟ್ಟಿಗೆ ನಾನೇ ಸೇರಿಸುತ್ತೇನೆ. ಕೆಲಸದಿಂದಂತೂ ತೆಗೆಯುವುದಿಲ್ಲ. ಯಾರಿಗೂ ನಷ್ಟವಿಲ್ಲ.’

ಮುಂದಿನ ಪಟ್ಟಿ! ಒಂಬತ್ತು ವರ್ಷದಿಂದ ವೀಕ್ಷಕರಿಗೆ ಹೇಳಿಕೊಂಡು ಬಂದದ್ದು ಅದೇ ಮಾತು. ಆದರೂ ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಮನಸ್ಸು ವಾಲಿತು. ಸಾಹೇಬರನ್ನು ಎದುರು ಹಾಕಿಕೊಂಡು ಆ ಕಚೇರಿಯಲ್ಲಿ ಬಾಳುವುದು ಕಷ್ಟವಿತ್ತು. ಮೇಜಿಗೆ ಹೋಗಿ ಕೂತೆ. ಮೂರು ವರ್ಷದ ತಿಂಗಳ ಹಾಳೆಗಳು ಅಲ್ಲೇ ಇದ್ದವು. ಬೆಟ್ಟ ಅಡ್ಡ, ಬೆಟ್ಟ ಅಡ್ಡ, ಬೆಟ್ಟ ಅಡ್ಡ. ಅಷ್ಟೂ ಸಲ ಆ ಮನುಷ್ಯ ನನಗೇ ಹೇಳಿದ್ದರು, ಅಲ್ಲಿ ಕನ್ನಡ ಬರುವವಳು ನಾನೊಬ್ಬಳೇ ಆದ್ದರಿಂದ.

ತಪ್ಪೊಪ್ಪಿಗೆ ಬೇಕಿತ್ತಲ್ಲ, ಒಂದು ಬರೆದೆ, ನನ್ನ ಹೆಸರಿನಲ್ಲಿ. ತಾಳವಾಡಿ ಕೇಂದ್ರದ ಮೂರು ಚಳಿಗಾಲದ ಕಾರ್ಡುಗಳನ್ನು ತಿರಸ್ಕರಿಸಿದವಳು ನಾನು. ವೀಕ್ಷಕರು ಕಾರಣವನ್ನು ಪ್ರತಿ ತಿಂಗಳೂ ಬರೆದಿದ್ದರು, ಅದು ನನಗೆ ಓದಲು ಬರುವ ಭಾಷೆಯಲ್ಲಿತ್ತು, ನಾನು ಲಕ್ಷ್ಯ ಮಾಡಲಿಲ್ಲ. ಅಲ್ಲಿ ಇಪ್ಪತ್ತು ಡಿಗ್ರಿಯ ಬೆಟ್ಟವಿದೆ, ಸ್ಥಳ ಪರಿಶೀಲನೆ ಪತ್ರದಲ್ಲಿ ಅದು ಇಲ್ಲ. ಕಾರ್ಡುಗಳೆಲ್ಲ ಸಾಚಾ. ಒಂದು ಪ್ರತಿ ಸಾಹೇಬರಿಗೆ, ಒಂದು ಪ್ರತಿ ನೇರ ಮುಖ್ಯ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ. ಅಂದು ಮಧ್ಯಾಹ್ನದಿಂದಲೇ ಕೂತು ಕೆಂಪು ಗೆರೆಗಳನ್ನು ಉಜ್ಜತೊಡಗಿದೆ.

ಮುಂದಿನದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮುಖ್ಯ ಕಚೇರಿಯಿಂದ ಇಬ್ಬರು ಅಳತೆಯ ಯಂತ್ರ ಹೊತ್ತು ತಾಳವಾಡಿಗೆ ಹೋಗಿ ಬಂದರು. ‘ಸದರಿ ಸ್ಥಳದಲ್ಲಿ ಬೆಟ್ಟ ಇರುವುದು ದೃಢಪಟ್ಟಿದೆ’ ಎಂದು ವರದಿ ಬಂತು. ಪುಣ್ಯಕ್ಕೆ ಬೆಟ್ಟ ಅಷ್ಟು ದಿನ ಕಾದಿತ್ತು. ನನ್ನ ಸೇವಾ ಪುಸ್ತಕದಲ್ಲಿ ಕರ್ತವ್ಯಲೋಪ ಎಂದು ಒಂದು ಸಾಲು ಬಿತ್ತು, ಸರಿಯಾಗಿಯೇ ಬಿತ್ತು. ಪರಿಶೀಲನೆ ಪತ್ರದ ಬಗ್ಗೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಕಾಯಂ ಪಟ್ಟಿಯಲ್ಲಿ ತಾಳವಾಡಿಯ ವೀಕ್ಷಕರ ಹೆಸರಿತ್ತು.

ಆದೇಶ ತೆಗೆದುಕೊಳ್ಳಲು ಅವರು ಘಟ್ಟ ಇಳಿದು ಬಂದರು, ಬಿಳಿ ಅಂಗಿ ತೊಟ್ಟು. ಹೆಂಡತಿ ಬಂದಿರಲಿಲ್ಲ. ಸಾಹೇಬರು ಕುರ್ಚಿಯಿಂದ ಏಳದೆ ಕಾಗದ ಚಾಚಿ, ತಮಿಳಿನಲ್ಲಿ ಬುದ್ಧಿ ಹೇಳಿದರು.

‘ಇನ್ನು ಮೇಲಾದರೂ ಬೇಗ ಎದ್ದು ಕೆಲಸ ಮಾಡು.’

ವೀಕ್ಷಕರು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಡಚಿ ಜೇಬಿಗಿಟ್ಟರು. ಒಳ್ಳೆಯ ತಮಿಳು ಬರುವ ಮನುಷ್ಯ, ಬೇಕೆಂದೇ ಕನ್ನಡದಲ್ಲಿ ಅಂದರು:

‘ನಾ ಕೋಳಿಗಿಂತ ಮುಂಚ್ಗೇ ಏಳ್ತಿನಿ ಸ್ವಾಮಿ. ಆ ಬೆಟ್ಟವ ನೀವೇ ಒಂದ್ಸಲ ಬಂದು ಎಬ್ಬುಸ್ಬುಟ್ಟು ಓಗಿ.’

ಸಾಹೇಬರಿಗೆ ಅರ್ಥವಾಗಲಿಲ್ಲ. ‘ಏನಂತೆ?’ ಎಂದು ನನ್ನ ಕಡೆ ತಿರುಗಿದರು. ನಾನು ಒಂದಕ್ಷರ ಬಿಡದೆ ತಮಿಳಿನಲ್ಲಿ ಹೇಳಿದೆ.